ವಿದ್ಯುತ್ ಕಾರು ಓಡುವ ದೂರ

ವಿದ್ಯುತ್ ಕಾರನ್ನು ಕೊಳ್ಳಲು ಹೊರಟ ಗೃಹಸ್ಥನು ಮೊದಲು ಕೇಳುವ ಪ್ರಶ್ನೆ, ಒಮ್ಮೆ ವಿದ್ಯುತ್ತನ್ನು ತುಂಬಿದರೆ ಗಾಡಿಯು ಎಷ್ಟು ದೂರ ಓಡುವುದು ಎಂಬುದು. 2020ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ನೆಕ್ಸಾನ್ ಕಾರಿನ ಬ್ಯಾಟರಿಯು 30.2 ಯೂನಿಟ್ಟು ಶಕ್ತಿಯನ್ನು ಹಿಡಿಯುತ್ತಿತ್ತು. ಪರೀಕ್ಷೆಯಲ್ಲಿ ದೃಢಪಟ್ಟ ದೂರ 312 ಕಿಲೋಮೀಟರು. ಭಾಗಿಸಿದರೆ ಕಿಲೋಮೀಟರಿಗೆ 97 ವಾಟ್-ಗಂಟೆಯಾಯಿತು. ಈ ಅಂಕಿ ಸುಳ್ಳಲ್ಲ. ಆದರೆ ಯಾವ ವೇಗದಲ್ಲಿ?

ವಾಚಕರೇ ಲೆಕ್ಕ ಹಾಕಿ ನೋಡಬಹುದು. ಕಾರಿನ ದ್ರವ್ಯರಾಶಿ 1,500 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಉರುಳುವ ಚಕ್ರಗಳಿಗೆ ರಸ್ತೆಯು ಒಡ್ಡುವ ತಡೆ ತೂಕದ ನೂರರಲ್ಲೊಂದು ಪಾಲು, ಎಂದರೆ 147 ನ್ಯೂಟನ್. ವೇಗ ಏರಿದರೂ ಇದು ಅಷ್ಟಾಗಿ ಬದಲಾಗದು. ಗಾಳಿಯ ತಡೆಯಾದರೋ ವೇಗದ ವರ್ಗವನ್ನು ಅನುಸರಿಸುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಅದು 80 ನ್ಯೂಟನ್ ಇದ್ದರೆ, 100 ಕಿ.ಮೀ. ವೇಗದಲ್ಲಿ 320 ಆಗುವುದು. ಒಂದು ಕಿಲೋಮೀಟರು ಸಾಗಲು ಚಕ್ರಗಳಿಗೆ ಬೇಕಾದ ಶಕ್ತಿಯು ಮೊದಲನೆಯದರಲ್ಲಿ ಸುಮಾರು 63 ವಾಟ್-ಗಂಟೆ, ಎರಡನೆಯದರಲ್ಲಿ 130. ಅದೇ ಕಾರು, ಅದೇ ಬ್ಯಾಟರಿ. ಓಡುವ ದೂರ ಮಾತ್ರ ಅರ್ಧಕ್ಕಿಂತಲೂ ಕಡಮೆ!

ಪ್ರಯೋಗಶಾಲೆಯಲ್ಲಿ ಉರುಳೆಗಳ ಮೇಲೆ ಕಾರನ್ನು ಓಡಿಸುವ ಭಾರತೀಯ ಚಾಲನಾಚಕ್ರದ ಪರಮಾವಧಿ ವೇಗ 90 ಕಿ.ಮೀ.; ಅದೂ ಕ್ಷಣಕಾಲ. ಯೂರೋಪಿನವರ ಡಬ್ಲ್ಯೂಎಲ್‌ಟಿಪಿ ಕ್ರಮದಲ್ಲಿ ವೇಗವು 131ರವರೆಗೆ ಏರುತ್ತದೆ. ಹೀಗಿರುವಾಗ ಈ ಎರಡು ಕ್ರಮಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸೇರನ್ನೂ ಕಿಲೋವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ.

ಇನ್ನೊಂದು ಮಾತು. ಮನೆಯ ಮೀಟರಿನಲ್ಲಿ ದಾಖಲಾದ ಯೂನಿಟ್ಟೆಲ್ಲವೂ ಬ್ಯಾಟರಿಯನ್ನು ಸೇರುವುದಿಲ್ಲ. ಒಂದಂಶ ಶಾಖವಾಗಿ ಪೋಲಾಗುತ್ತದೆ. ಹಣ ತೆರುವುದು ಮಾತ್ರ ಮೀಟರಿನ ಲೆಕ್ಕಕ್ಕೆ. ಅಮೆರಿಕದಲ್ಲಿ ಹೊಸ ಕಾರಿಗೆ ಅಂಟಿಸುವ ಚೀಟಿಯಲ್ಲಿ 100 ಮೈಲಿಗೆ ಎಷ್ಟು ಕಿಲೋವಾಟ್-ಗಂಟೆ ಎಂಬುದನ್ನು ಮುದ್ರಿಸುತ್ತಾರೆ. ತುಂಬುವಾಗಿನ ನಷ್ಟವೂ ಅದರಲ್ಲಿ ಸೇರಿದೆ. ನಮ್ಮಲ್ಲಿಯೂ ಕಿಲೋಮೀಟರಿಗೆ ಇಷ್ಟು ವಾಟ್-ಗಂಟೆ ಎಂದು, ನಗರದ ವೇಗಕ್ಕೊಂದು, ಹೆದ್ದಾರಿಯ ವೇಗಕ್ಕೊಂದು ಅಂಕಿಯನ್ನು ಕಡ್ಡಾಯವಾಗಿ ಮುದ್ರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಾಲ ಮಾಡಿ ಕಾರು ಕೊಳ್ಳುವವನಿಗೆ ಇಷ್ಟನ್ನಾದರೂ ತಿಳಿಯುವ ಹಕ್ಕಿಲ್ಲವೆ?

ಈ ಅಂಕಿ ಕೈಯಲ್ಲಿದ್ದರೆ ಉಳಿದ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು. ಮಂಗಳೂರಿನಿಂದ ಬೆಂಗಳೂರಿಗೆ ಬರುವ ಕಾರು ಒಟ್ಟಿನಲ್ಲಿ ಸುಮಾರು 900 ಮೀಟರು ಮೇಲೇರಬೇಕು. ಏರಿಕೆಯೊಂದಕ್ಕೇ, 1,500 ಕಿಲೋಗ್ರಾಮಿನ ಗಾಡಿಗೆ, 3.7 ಯೂನಿಟ್ಟು ಬೇಕು. ಮರಳಿ ಇಳಿಯುವಾಗ ಮೋಟಾರು ಜನಕದಂತೆ ತಿರುಗಿ ಅದರಲ್ಲೊಂದು ಭಾಗವನ್ನು ಹಿಂದಿರುಗಿಸುವುದೇನೋ ನಿಜ. ಶಿರಾಡಿ ಘಟ್ಟದ ಬುಡದಲ್ಲಿ ಸಂಸಾರಸಮೇತನಾಗಿ ನಿಂತವನಿಗೆ ಅದರಿಂದ ಆ ಹೊತ್ತಿಗೆ ಪ್ರಯೋಜನವಿಲ್ಲ.