ನೆಗಡಿ ಹಿಡಿದಾಗ ನಡಿಗೆ ಸಲ್ಲುವುದೇ?

ಮಾಘ ಮಾಸ ಕಾಲಿಟ್ಟಿತೆಂದರೆ ನಮ್ಮ ಸೀಮೆಯ ರಸ್ತೆಗಳೆಲ್ಲ ಕಾಲ್ನಡಿಗೆಯವರಿಂದ ತುಂಬಿಕೊಳ್ಳುತ್ತವೆ. ಭಾರತ ಹುಣ್ಣಿಮೆಯ ಸುಮಾರಿಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕೋತ್ಸವ. ಅದರ ಬೆನ್ನಿಗೇ ಮಾಘ ಬಹುಳದಲ್ಲಿ ಕೊಟ್ಟೂರಿನ ಶ್ರೀ ಗುರು ಬಸವೇಶ್ವರಸ್ವಾಮಿಯ ರಥೋತ್ಸವ. ಹರಪನಹಳ್ಳಿ, ದಾವಣಗೆರೆ, ಚಿತ್ರದುರ್ಗಗಳ ಕಡೆಯಿಂದ ಸಹಸ್ರಾರು ಭಕ್ತರು ಹರಕೆ ಹೊತ್ತು, ಬರಿಗಾಲಲ್ಲಿಯೋ ಚಪ್ಪಲಿ ಮೆಟ್ಟಿಯೋ ಕೊಟ್ಟೂರಿನ ದಾರಿ ಹಿಡಿಯುತ್ತಾರೆ. ಹವೆಯೂ ಆಗ ಹದದಲ್ಲಿರುವುದಿಲ್ಲ. ನಸುಕಿನಲ್ಲಿ ಮೈ ನಡುಗಿಸುವ ಚಳಿ, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಜೋಳ ಕಡಲೆಗಳ ಕಣದಿಂದೇಳುವ ಧೂಳು. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಮನೆಯ ಹೊಸ್ತಿಲು ದಾಟಿದರೂ ಒಬ್ಬರಾದರೂ ಮೂಗು ಒರೆಸಿಕೊಳ್ಳುತ್ತ ಕುಳಿತಿರುತ್ತಾರೆ.

ಆಗ ಎಲ್ಲ ಮನೆಗಳಲ್ಲೂ ಒಂದೇ ಪ್ರಶ್ನೆ ಏಳುತ್ತದೆ. ನೆಗಡಿಯಾಗಿದೆ, ನಡೆಯಲು ಹೋಗಬಹುದೇ? ಗರಡಿಗೆ ಹೋಗುವ ಹುಡುಗ ದಂಡ ಬಸ್ಕಿ ಹೊಡೆಯಬಹುದೇ? ಸಕ್ಕರೆ ಕಾಯಿಲೆಯ ಅಜ್ಜ ಬೆಳಗಿನ ವಾಯುವಿಹಾರ ಬಿಡಬೇಕೇ? ಮನೆಯ ಹಿರಿಯರಲ್ಲಿ ಇದಕ್ಕೆ ಎರಡು ಉತ್ತರಗಳಿವೆ. “ನಾಲ್ಕು ಹರದಾರಿ ನಡೆ, ಬೆವರು ಇಳಿದರೆ ನೆಗಡಿಯೂ ಇಳಿಯುತ್ತದೆ” ಎಂಬುದು ಒಂದು. “ಕಂಬಳಿ ಹೊದ್ದು ಮಲಗು, ಹೊರಗೆ ತಲೆ ಹಾಕಬೇಡ” ಎಂಬುದು ಇನ್ನೊಂದು. ಎರಡರಲ್ಲಿಯೂ ಅರ್ಧ ಸತ್ಯವಿದೆ. ಯಾವ ಅರ್ಧವನ್ನು ಯಾವಾಗ ಹಿಡಿಯಬೇಕೆಂಬ ವಿವೇಕವೇ ಮುಖ್ಯ.

ನೆಗಡಿಯು ವೈರಾಣುಗಳಿಂದ ಬರುವ ಬೇನೆ. ರೈನೋವೈರಸ್ ಎಂಬ ಹೆಸರಿನವೇ ಅವುಗಳಲ್ಲಿ ಹೆಚ್ಚು. ಅವುಗಳಲ್ಲಿಯೂ ನೂರಕ್ಕೆ ಮಿಕ್ಕಿದ ಬಗೆಗಳಿವೆ. ಒಮ್ಮೆ ಬಂದ ನೆಗಡಿ ವರ್ಷದೊಳಗೆ ಮತ್ತೆ ಮತ್ತೆ ಬರುವುದಕ್ಕೆ ಇದೇ ಕಾರಣ. ಅದು ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ. ಆ್ಯಂಟಿಬಯಾಟಿಕ್ ಮಾತ್ರೆಗಳು ವೈರಾಣುವನ್ನು ಕೊಲ್ಲಲಾರವು. ಹಾಗೆಯೇ ಬೆವರಿನೊಂದಿಗೆ ವೈರಾಣು ಹರಿದುಹೋಗುವುದೂ ಇಲ್ಲ. ನಡೆದಾಗ ಮೂಗು ಸ್ವಲ್ಪ ಹೊತ್ತು ತೆರೆದು ಹಗುರವೆನಿಸುವುದು ನಿಜ. ಅದು ಉಪಶಮನವೇ ಹೊರತು ಔಷಧವಲ್ಲ.

ಹಾಗಾದರೆ ನಡಿಗೆಯಿಂದ ನೆಗಡಿ ಉಲ್ಬಣಿಸುವುದೇ? ಹೊರದೇಶದಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಅಮೆರಿಕದ ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ವೈಡ್ನರ್ ಮತ್ತು ಸಂಗಡಿಗರು 50 ಮಂದಿ ಆರೋಗ್ಯವಂತ ವಿದ್ಯಾರ್ಥಿಗಳಿಗೆ, ಅವರ ಒಪ್ಪಿಗೆ ಪಡೆದು, ಮೂಗಿನ ಮೂಲಕ ನೆಗಡಿಯ ವೈರಾಣುವನ್ನು ಕೊಟ್ಟರು. 34 ಮಂದಿ ದಿನ ಬಿಟ್ಟು ದಿನ 40 ನಿಮಿಷಗಳ ಮಿತವಾದ ವ್ಯಾಯಾಮ ಮಾಡಿದರು. ಉಳಿದ 16 ಮಂದಿ ಮಾಡಲಿಲ್ಲ. 10 ದಿನ ಕಳೆದ ಮೇಲೆ ನೋಡಿದರೆ, ನೆಗಡಿಯ ಉಪಟಳದಲ್ಲಾಗಲಿ ಅವಧಿಯಲ್ಲಾಗಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 1998ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮ ಇಬ್ಬರು ಹಿರಿಯರಿಗೂ ಉತ್ತರ ಹೇಳಿದಂತಿದೆ. ಮಿತವಾದ ವ್ಯಾಯಾಮ ನೆಗಡಿಯನ್ನು ಬೆಳೆಸಲೂ ಇಲ್ಲ, ಓಡಿಸಲೂ ಇಲ್ಲ.

ಆದರೆ “ಮಿತ” ಎಂಬ ಮಾತನ್ನು ಮರೆಯಬಾರದು. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಟದ ಬಳಿಕ ಡೇವಿಡ್ ನೀಮನ್ ಎಂಬ ಸಂಶೋಧಕರು ಓಟಗಾರರನ್ನು ವಿಚಾರಿಸಿದರು. 42 ಕಿಲೋಮೀಟರ್ ಓಡಿದವರಲ್ಲಿ ಮುಂದಿನ ವಾರ ಶೇಕಡ 12.9ರಷ್ಟು ಮಂದಿ ನೆಗಡಿಯಂಥ ಬೇನೆಗೆ ತುತ್ತಾಗಿದ್ದರೆ, ಅಷ್ಟೇ ಸಾಧನೆ ಮಾಡಿಯೂ ಆ ದಿನ ಓಡದೆ ಉಳಿದವರಲ್ಲಿ ಈ ಪ್ರಮಾಣ ಶೇಕಡ 2.2 ಮಾತ್ರ. ಅತಿಯಾದ ದಣಿವು, ನಿದ್ದೆಗೇಡು, ಜನಜಂಗುಳಿ ಒಂದುಗೂಡಿದರೆ ಬೇನೆಗೆ ಬಾಗಿಲು ತೆರೆದಂತೆ. ಹಲವು ದಿನಗಳ ಪಾದಯಾತ್ರೆಯಲ್ಲಿ ಈ ಮೂರೂ ಇರುತ್ತವೆ. ಆದುದರಿಂದ ಮನೆಯ ಸುತ್ತ ಅರ್ಧ ತಾಸು ಅಡ್ಡಾಡುವುದಕ್ಕೂ ಕೊಟ್ಟೂರಿಗೆ ನಡೆದುಹೋಗುವುದಕ್ಕೂ ಒಂದೇ ನಿಯಮ ಸಲ್ಲದು.

ವೈದ್ಯರು ಹೇಳುವ ಸರಳವಾದ ಒಂದು ಒರೆಗಲ್ಲಿದೆ. ಕುತ್ತಿಗೆಯನ್ನು ಗಡಿಯೆಂದು ಭಾವಿಸಿರಿ. ಬಾಧೆಯೆಲ್ಲ ಕುತ್ತಿಗೆಯ ಮೇಲೆಯೇ ಇದ್ದರೆ, ಅಂದರೆ ಮೂಗು ಸೋರುವುದು, ಸೀನು, ಗಂಟಲ ಕೆರೆತ ಮಾತ್ರವಿದ್ದರೆ, ದಿನನಿತ್ಯದ ಅರ್ಧದಷ್ಟು ನಡಿಗೆ, ಹಗುರವಾದ ಆಸನಗಳು ಅಡ್ಡಿಯಿಲ್ಲ. ಹತ್ತು ನಿಮಿಷ ನಡೆದು ನೋಡಿರಿ. ಹಾಯೆನಿಸಿದರೆ ಮುಂದುವರಿಸಿರಿ, ತಲೆ ಭಾರವಾದರೆ ಹಿಂತಿರುಗಿರಿ. ಬಾಧೆ ಕುತ್ತಿಗೆಯ ಕೆಳಗಿಳಿದಿದ್ದರೆ, ಅಂದರೆ ಎದೆಯಲ್ಲಿ ಕಫ, ಏದುಸಿರು, ಮೈಕೈ ನೋವು, ವಾಂತಿ ಭೇದಿಗಳಿದ್ದರೆ, ವ್ಯಾಯಾಮ ಬೇಡ. ಜ್ವರವಂತೂ ಎಲ್ಲಕ್ಕಿಂತ ಮಿಗಿಲಾದ ನಿಷೇಧ. ಉಷ್ಣಮಾಪಕ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದರೆ ಹಾಸಿಗೆಯೇ ಲೇಸು.

ಜ್ವರದ ಮಾತಿನಲ್ಲಿ ಇಷ್ಟೊಂದು ಬಿಗಿ ಏಕೆಂದು ಯುವಕರು ಕೇಳಬಹುದು. ಕೆಲವು ವೈರಾಣುಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ. ಅಂಥ ಹೊತ್ತಿನಲ್ಲಿ ಕಠಿಣ ಶ್ರಮಪಟ್ಟರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಸ್ವೀಡನ್ ದೇಶದಲ್ಲಿ 1979ರಿಂದ 1992ರವರೆಗೆ, ನಕ್ಷೆ ಹಿಡಿದು ಕಾಡಿನಲ್ಲಿ ಓಡುವ ಸ್ಪರ್ಧೆಯ 16 ಮಂದಿ ತರುಣ ಪಟುಗಳು ಹಠಾತ್ತನೆ ಅಸುನೀಗಿದರು. ಅವರಲ್ಲಿ ಹಲವರ ಹೃದಯದಲ್ಲಿ ಇಂಥ ಉರಿಯೂತ ಕಂಡುಬಂದಿತು. ಆ ಸಾವುಗಳಿಗೆ ನೆಗಡಿಯೇ ಕಾರಣವೆಂದು ಅರ್ಥವಲ್ಲ. ಇಂಥ ಸಾವು ಅಪರೂಪವೂ ಹೌದು. ಆದರೆ ಸೋಂಕು ತಗಲಿದ ಮೈಯನ್ನು ಹಟದಿಂದ ದಂಡಿಸಬಾರದೆಂಬ ಎಚ್ಚರಿಕೆ ಅದರಲ್ಲಿದೆ. ಪೊಲೀಸ್ ಭರ್ತಿಯ ಓಟಕ್ಕೆ ತಯಾರಾಗುವ, ಕುಸ್ತಿಯ ಅಖಾಡಕ್ಕೆ ಇಳಿಯುವ ಮಕ್ಕಳಿಗೆ ತಂದೆತಾಯಿಗಳು ಇದನ್ನು ಬಿಡಿಸಿ ಹೇಳಬೇಕು.

ಇನ್ನು ಮಾತ್ರೆಗಳ ವಿಷಯ. ಪ್ಯಾರಾಸಿಟಮಾಲ್ ನುಂಗಿ ಜ್ವರ ತಗ್ಗಿಸಿಕೊಂಡು ಹೊರಡುವುದು ತನಗೆ ತಾನೇ ಮಾಡಿಕೊಳ್ಳುವ ವಂಚನೆ. ಜ್ವರ ಮರೆಯಾಗಿರುತ್ತದೆಯೇ ಹೊರತು ಸೋಂಕು ಹೋಗಿರುವುದಿಲ್ಲ. ನೆಗಡಿಯ ಮಾತ್ರೆಗಳಲ್ಲಿ ಹಲವು ತೂಕಡಿಕೆ ತರುತ್ತವೆ. ಅವನ್ನು ನುಂಗಿ ರಾತ್ರಿ ವೇಳೆ ಲಾರಿ ಬಸ್ಸುಗಳ ರಸ್ತೆಯಲ್ಲಿ ನಡೆಯುವುದು, ಹುಣಸೆ ಬಡಿಯಲು ಮರವೇರುವುದು ಅಪಾಯಕಾರಿ. ಕಟ್ಟಿದ ಮೂಗು ಬಿಡಿಸುವ ಮದ್ದುಗಳು ಕೆಲವರಲ್ಲಿ ರಕ್ತದ ಒತ್ತಡವನ್ನೂ ಎದೆಬಡಿತವನ್ನೂ ಏರಿಸುತ್ತವೆ. ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬಾರದು. ಸಕ್ಕರೆ ಕಾಯಿಲೆಯವರಿಗೆ ಬೇನೆಯ ದಿನಗಳಲ್ಲಿ ಸಕ್ಕರೆ ಏರುವುದುಂಟು. ಅದನ್ನು ಪರೀಕ್ಷಿಸಿಕೊಳ್ಳಬೇಕು, ನೀರು ಹೆಚ್ಚು ಕುಡಿಯಬೇಕು. ಉಬ್ಬಸದವರು ಚಳಿಗಾಳಿಯ ನಸುಕನ್ನು ಬಿಟ್ಟು ಬಿಸಿಲೇರಿದ ಮೇಲೆ ನಡೆಯುವುದು ಒಳ್ಳೆಯದು. ಮೂಗು ಕಟ್ಟಿರುವಾಗ ಕಪಾಲಭಾತಿ, ಶೀರ್ಷಾಸನಗಳನ್ನು ಕೆಲವು ದಿನ ಬಿಡಬೇಕು.

ನೆಗಡಿಯವರು ತಮ್ಮ ಮೈಯನ್ನಷ್ಟೇ ಯೋಚಿಸಿದರೆ ಸಾಲದು. ಮೊದಲ ಎರಡು ಮೂರು ದಿನಗಳಲ್ಲಿ ಈ ಬೇನೆ ಅತಿ ಹೆಚ್ಚು ಅಂಟುತ್ತದೆ. 2020ರ ಕೋವಿಡ್ ಮಾರಿಯ ಬಳಿಕ, ನೆಗಡಿಯಂತೆ ಮೊದಲಾದುದೆಲ್ಲ ನೆಗಡಿಯೇ ಆಗಿರಬೇಕಿಲ್ಲ ಎಂಬುದನ್ನೂ ನಾವು ಕಲಿತಿದ್ದೇವೆ. ಗುಂಪಿನಲ್ಲಿ ಹಸುಗೂಸುಗಳಿರುತ್ತಾರೆ, ಬಸುರಿಯರಿರುತ್ತಾರೆ, ವೃದ್ಧರಿರುತ್ತಾರೆ. ದಾರಿಯುದ್ದಕ್ಕೂ ಊರವರು ಪ್ರೀತಿಯಿಂದ ಪ್ರಸಾದ ಮಜ್ಜಿಗೆಗಳನ್ನು ನೀಡುವಾಗ ನಿಮ್ಮ ಲೋಟ ನಿಮ್ಮ ಚೀಲದಲ್ಲಿಯೇ ಇರಲಿ. ಕೈ ತೊಳೆದು ಕೈಯೊಡ್ಡಿರಿ. ಕೆಮ್ಮುವಾಗ ಟವೆಲು ಅಡ್ಡವಿರಲಿ.

ಹೊರಡುವ ಮುನ್ನ ಜ್ವರ ಕಾಣಿಸಿದರೆ ಹರಕೆಗೆ ಭಂಗವೆಂದು ಕಳವಳಪಡಬೇಡಿ. ಮೈ ಚೇತರಿಸಿಕೊಂಡ ಮೇಲೆ ಒಂದು ಸೋಮವಾರ ನಡೆದುಹೋದರೂ ಗುರುವಿನ ಬಾಗಿಲು ತೆರೆದೇ ಇರುತ್ತದೆ. ಅರ್ಧ ದಾರಿಯಲ್ಲಿ ಮೈ ಸೋತರೆ ಬಸ್ಸು ಹತ್ತುವುದರಲ್ಲಿ ನಾಚಿಕೆಯಿಲ್ಲ. ಜೊತೆಯವರು ಹಂಗಿಸದೆ ಬಸ್ಸು ಹತ್ತಿಸಿ ಕಳಿಸಬೇಕು. ಎದೆನೋವು, ಏದುಸಿರು, ಕಣ್ಣು ಕತ್ತಲೆ ಬಂದರೆ ಕೂಡಲೇ ಕುಳಿತು 108ಕ್ಕೆ ಕರೆ ಮಾಡಬೇಕು.

ಜ್ವರ ಬಿಟ್ಟು, ಮಾತ್ರೆಯ ಹಂಗಿಲ್ಲದೆ ಒಂದು ದಿನವಾದರೂ ಕಳೆದ ಮೇಲೆಯೇ ವ್ಯಾಯಾಮಕ್ಕೆ ಮರಳಬೇಕು. ಮೊದಲ ದಿನ ಅರ್ಧ, ಮರುದಿನ ಮುಕ್ಕಾಲು, ಆಮೇಲೆ ಪೂರ್ತಿ. ಜ್ವರ ಹಲವು ದಿನ ಕಾಡಿದ್ದರೆ ಈ ಏರಿಕೆಯೂ ನಿಧಾನವಾಗಲಿ. ಚಿಕ್ಕ ಮಕ್ಕಳ ಲೆಕ್ಕ ಇನ್ನೂ ಸುಲಭ. ಮೂಗು ಸೋರುತ್ತಿದ್ದರೂ ಮಗು ತಾನಾಗಿ ಆಡುತ್ತಿದ್ದರೆ ಆಡಲಿ. ಆಟ ಬಿಟ್ಟು ತಾಯಿಯ ಮಡಿಲು ಹುಡುಕಿದರೆ ಮಲಗಲಿ.

ಕೊನೆಯದಾಗಿ ಒಂದು ಮಾತು. ವ್ಯಾಯಾಮ ಮಾಡಲೇ ಬಿಡಲೇ ಎಂದು ಆಯ್ದುಕೊಳ್ಳುವ ಅನುಕೂಲ ಎಲ್ಲರಿಗೂ ಇಲ್ಲ. ನಸುಕಿನಲ್ಲಿ ಹಡಗಲಿಯ ಮಲ್ಲಿಗೆ ಬಿಡಿಸುವ ತಾಯಿಗೆ, ಹಗರಿಬೊಮ್ಮನಹಳ್ಳಿಯಲ್ಲಿ ಮೂಟೆ ಹೊರುವ ಹಮಾಲನಿಗೆ, ನಮ್ಮ ಹೊಲದಲ್ಲಿ ಜೋಳ ಕೊಯ್ಯುವ ಕೂಲಿಯವರಿಗೆ ದುಡಿಮೆಯೇ ಮೈದಂಡನೆ. ಕುತ್ತಿಗೆಯ ಒರೆಗಲ್ಲು ಅವರಿಗೂ ಸಲ್ಲುತ್ತದೆ. ನೆಗಡಿಯಷ್ಟೇ ಇದ್ದ ದಿನ ಅವರಿಗೆ ಹಗುರವಾದ ಕೆಲಸ ಕೊಡೋಣ. ಜ್ವರ ಬಂದ ದಿನ ಕೂಲಿ ಮುರಿಯದೆ ಮನೆಗೆ ಕಳಿಸೋಣ. ಮನೆಯ ಗೃಹಿಣಿಗೂ ಇದೇ ಮಾತು. ಅವರಿಗೆ ಜ್ವರ ಬಂದ ದಿನ ರೊಟ್ಟಿ ಬಡಿಯುವ ಕೈಗಳು ಬೇರೆಯಾಗಲಿ.