ವಕೀಲರೂ ಸಾಲಿಗೆ ಬರಲಿ

ಚಿಕ್ಕೋಡಿ ಕೋರ್ಟಿನಲ್ಲಿ 14 ವರ್ಷ ವಕೀಲಿಕೆ ಮಾಡಿ, ಬಿ.ಇಡಿ. ಮುಗಿಸಿ, ಈಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಅಥಣಿಯಲ್ಲಾಗಲಿ, ರಾಯಬಾಗದಲ್ಲಾಗಲಿ ಪರಿಚಯದವರು ಸಿಕ್ಕರೆ ಕೇಳುವುದು ಒಂದೇ: “ಯಾಕ್ರಿ ವಕೀಲ್‌ಸಾಹೇಬ್ರ, ಪ್ರಾಕ್ಟೀಸ್ ನಡೀಲಿಲ್ಲೇನು?” ಕಾಯಕದಲ್ಲಿ ಮೇಲು-ಕೀಳಿಲ್ಲ ಎಂಬ ಭಾಷಣವನ್ನು ಪ್ರತಿ ಬಸವ ಜಯಂತಿಗೆ ಕೇಳುವ ಜನರೇ ಇವರು!

ಕೋರ್ಟಿನಲ್ಲಿ ನಾನು ಹೆಚ್ಚಾಗಿ ಕಂಡದ್ದು ಹೊಲಮನೆಯ ವಾಟಣಿ ಜಗಳ. ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳುವ ಮೊದಲು ಅಕ್ಕತಂಗಿಯರನ್ನು ಕರೆಸಿ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿ, ಒಂದು ಸೀರೆ ಕೊಟ್ಟು ಕಳಿಸುತ್ತಾರೆ. 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ ಎಂದು ಎಷ್ಟೋ ತಾಯಂದಿರಿಗೆ ತಿಳಿಯುವುದು ಸಹಿಯಾದ ಮೇಲೆ. ಆಗ ವಕೀಲ ಮಾಡುವುದೇನಿದೆ? ಅದನ್ನೇ 10ನೇ ತರಗತಿಯ ಹುಡುಗಿಗೆ ಹೇಳಿದರೆ ತಡವಾಗುವುದಿಲ್ಲ. ನಿಪ್ಪಾಣಿಯ ಬೀಡಿ ಕಾರ್ಮಿಕರ ಮಕ್ಕಳಿಗೆ, ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಅವ್ವನಿಗೂ ಕಾನೂನಿನ ಹಕ್ಕುಗಳಿವೆ ಎಂದು ಹೇಳುವವರು ಬೇಕು.

ವಿಜಯಪುರದ ಫ.ಗು. ಹಳಕಟ್ಟಿಯವರೂ ವಕೀಲರೇ. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು; ವಚನಗಳ ಕೆಲಸಕ್ಕೆ ನಿಂತ ಮೇಲೆ ವಕೀಲಿಕೆ ಹಿಂದೆ ಬಿತ್ತು. ಅವರಿಗೂ ಪ್ರಾಕ್ಟೀಸ್ ನಡೆಯಲಿಲ್ಲ ಎನ್ನೋಣವೇ? 1916ರಲ್ಲಿ ಬೆಳಗಾವಿಯ ಕೆ.ಎಲ್.ಇ. ಕಟ್ಟಿದ ಸಪ್ತರ್ಷಿಗಳು ಮೊದಲು ತೆರೆದದ್ದು ಒಂದು ಶಾಲೆ, ಮೆಡಿಕಲ್ ಕಾಲೇಜಲ್ಲ.

ಕೆಲವು ಸರಕಾರಿ ಹೈಸ್ಕೂಲುಗಳಲ್ಲಿ 9ನೇ ತರಗತಿಯಿಂದ ಐಟಿ, ಆಟೊಮೊಬೈಲ್‌ನಂಥ ವೃತ್ತಿ ವಿಷಯಗಳಿವೆ. “ಅವು ದಡ್ಡ ಹುಡುಗರಿಗೆ ಬಿಡ್ರಿ” ಎನ್ನುತ್ತಾರೆ ಪಾಲಕರು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಕೆಟ್ಟರೆ ಮೆಕ್ಯಾನಿಕ್‌ನ ಬಾಗಿಲಿಗೆ ಬೆಳಗಿನ ಜಾವವೇ ಹೋಗಿ ನಿಲ್ಲುವವರೂ ಇವರೇ. ನಮಗೆ ಎಸ್ಸೆಸ್ಸೆಲ್ಸಿಯಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ ಎಷ್ಟನೇ ಸ್ಥಾನ ಎಂಬುದಷ್ಟೇ ಸುದ್ದಿ.

ಮಠಗಳು ನಡೆಸುವ ಹೈಸ್ಕೂಲುಗಳಲ್ಲಿ ವಾರಕ್ಕೆ 2 ತಾಸು ವಕೀಲ, ನರ್ಸ್, ಸಕ್ಕರೆ ಕಾರ್ಖಾನೆಯ ಫಿಟ್ಟರ್ ಬಂದು ತಮ್ಮ ಕೆಲಸ ಕಲಿಸಲಿ. ಕಾಗವಾಡ, ನಿಪ್ಪಾಣಿಯ ಕಡೆ ಮರಾಠಿಯಲ್ಲೂ ಹೇಳಲಿ. ಬಂದವರಿಗೆ ಶಾಲು ಹೊದಿಸುವುದು ಬೇಡ. ವೇಳಾಪಟ್ಟಿಯಲ್ಲಿ ಖಾಯಂ ಜಾಗ ಕೊಟ್ಟರೆ ಸಾಕು. ಜೂನ್‌ಗೆ ಮೊದಲು ಪೂಜ್ಯರು ಮುಖ್ಯಗುರುಗಳ ಸಭೆ ಕರೆದರೆ, ಬರಲು ಸಿದ್ಧರಿರುವ ನಾಲ್ಕೈದು ವಕೀಲರನ್ನು ನಾನೇ ಕರೆದುಕೊಂಡು ಬರುತ್ತೇನೆ.