ರಜೆಯ ಮನೆ ಯಾರ ಪಾಲಿಗೆ?



ಈ ಸಲದ ಟಪಾಲಿನಲ್ಲಿ ಬಂದ ಕಾಗದಗಳಲ್ಲಿ ಒಂದು ಎಂಟು ಪುಟದ್ದು. ಬರೆದ ಸೋದರಿ ಹೆಸರು, ಊರು ಹಾಕಬೇಡಿ ಅಂದಿದ್ದಾರೆ. ಸಾರಾಂಶ ಇಷ್ಟು: ಮದುವೆಯಾಗಿ ಹದಿನಾರು ವರ್ಷ. ಇಬ್ಬರು ಮಕ್ಕಳು. ಒಂದೂವರೆ ವರ್ಷದಿಂದ ಗಂಡ ಹೆಂಡತಿ ಬೇರೆ ಬೇರೆ ಇದ್ದಾರೆ. ಗಂಡ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾರೆ, ಕೌಟುಂಬಿಕ ನ್ಯಾಯಾಲಯ ಮಧ್ಯಸ್ಥಿಕೆಗೆ ಕಳಿಸಿದೆ. ಮಕ್ಕಳು ತಾಯಿಯ ಹತ್ತಿರ ಇರುವುದೆಂದು ಒಪ್ಪಿಗೆಯಾಗಿದೆ. ಮಾತು ನಿಂತಿರುವುದು ಸಕಲೇಶಪುರದ ಹತ್ತಿರ ರಜೆಗೆಂದು ಕೊಂಡ ಪುಟ್ಟ ಮನೆಯ ಮೇಲೆ. ಅದು ಇಬ್ಬರ ಹೆಸರಿನಲ್ಲೂ ಇದೆ, ಬ್ಯಾಂಕಿನ ಸಾಲ ಇನ್ನೂ ತೀರಿಲ್ಲ. “ಮನೆ ಪೂರ್ತಿ ನೀನೇ ಇಟ್ಟುಕೋ, ಜೀವನಾಂಶ ಮಾತ್ರ ಕೇಳಬೇಡ” ಅನ್ನುತ್ತಾರಂತೆ ಯಜಮಾನರು. “ಆ ಮನೆಯ ಮುಂಗಡಕ್ಕೆ ನನ್ನ ಬಳೆ ಮಾರಿದ್ದು. ಬಿಡೋಕೆ ಮನಸ್ಸಿಲ್ಲ. ಒಪ್ಪಿಕೊಂಡುಬಿಡಲೇ?” ಎಂದು ಕೇಳಿದ್ದಾರೆ.

ಸೋದರಿ, ಆತುರದಲ್ಲಿ ಒಪ್ಪಬೇಡಿ. ಮೊದಲು ಮಧ್ಯಸ್ಥಿಕೆ ಅಂದರೇನು ಅನ್ನೋದನ್ನು ತಿಳಿದುಕೊಳ್ಳಿ. ಅಲ್ಲಿ ಕೂತಿರುವವರು ತೀರ್ಪು ಕೊಡುವ ನ್ಯಾಯಾಧೀಶರಲ್ಲ, ಇಬ್ಬರ ಮಾತನ್ನೂ ಕೇಳಿ ದಾರಿ ಹುಡುಕಲು ನೆರವಾಗುವವರು. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಶುರುವಾಯಿತು. ಈಗ ಜಿಲ್ಲಾ ನ್ಯಾಯಾಲಯಗಳಲ್ಲೂ ಇಂಥ ಏರ್ಪಾಡು ಉಂಟು. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ, ಅದನ್ನು ಆಮೇಲೆ ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧ ಸಾಕ್ಷಿಯಾಗಿ ತರುವಂತಿಲ್ಲ. ನಿಮಗೆ ಒಪ್ಪಿಗೆಯಾಗದೆ ಯಾರೂ ರುಜು ಹಾಕಿಸಿಕೊಳ್ಳುವಂತೆಯೂ ಇಲ್ಲ. “ಯೋಚನೆ ಮಾಡಿ ಮುಂದಿನ ಸಲ ಹೇಳುತ್ತೇನೆ” ಅನ್ನುವ ಹಕ್ಕು ನಿಮಗಿದೆ. ಸಂಕೋಚ ಪಡಬೇಡಿ.

ಇನ್ನು ಕಾನೂನಿನ ಮಾತು. ಗಂಡ ಹೆಂಡತಿಯ ಆಸ್ತಿಯನ್ನೆಲ್ಲ ವಿಚ್ಛೇದನದಲ್ಲಿ ಅರ್ಧರ್ಧ ಮಾಡಬೇಕೆಂಬ ನಿಯಮ 1955ರ ಹಿಂದೂ ವಿವಾಹ ಕಾಯಿದೆಯಲ್ಲಿಲ್ಲ. ಎಷ್ಟೋ ಜನ ಇದೆ ಅಂದುಕೊಂಡಿರುತ್ತಾರೆ. ಮದುವೆಯ ಸಮಯದಲ್ಲಿ ಬಂದು ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ ಮಾತ್ರ ಅದರ 27ನೇ ಕಲಂ ಹೇಳುತ್ತದೆ. ಆಮೇಲೆ ಕೊಂಡ ಮನೆಯ ವಿಷಯದಲ್ಲಿ ನ್ಯಾಯಾಲಯ ಮೊದಲು ನೋಡುವುದು ಪತ್ರದಲ್ಲಿ ಯಾರ ಹೆಸರಿದೆ ಅನ್ನೋದನ್ನು. ನಿಮ್ಮ ಪುಣ್ಯ, ಈ ಮನೆ ಇಬ್ಬರ ಹೆಸರಿನಲ್ಲೂ ಇದೆ. ಗಂಡನ ಹೆಸರೊಂದೇ ಇದ್ದಿದ್ದರೆ ಕಷ್ಟ ಹೆಚ್ಚುತ್ತಿತ್ತು.

ಬಳೆಯ ಮಾತೂ ಸಣ್ಣದಲ್ಲ. ಸ್ತ್ರೀಧನ ಹೆಂಡತಿಯ ಸ್ವಂತ ಸೊತ್ತು ಎಂದು ಸುಪ್ರೀಂ ಕೋರ್ಟು 1985ರಲ್ಲೇ ಸ್ಪಷ್ಟವಾಗಿ ಹೇಳಿದೆ. ಬಳೆ ಮಾರಿದ ಅಂಗಡಿಯ ಚೀಟಿ, ಆ ವಾರದ ಬ್ಯಾಂಕ್ ಪುಸ್ತಕ ಸಿಕ್ಕರೆ ತೆಗೆದಿಡಿ. ಮಧ್ಯಸ್ಥಿಕೆಯ ಮೇಜಿನ ಮೇಲೆ ಅಳುವಿಗಿಂತ ಒಂದು ಚೀಟಿಗೆ ತೂಕ ಜಾಸ್ತಿ.

ಆದರೆ ಎಲ್ಲಕ್ಕಿಂತ ದೊಡ್ಡ ತಕರಾರು ನನಗೆ “ಮನೆ ತಗೋ, ಜೀವನಾಂಶ ಬಿಡು” ಅನ್ನುವ ಮಾತಿನ ಮೇಲೆ. ಅರ್ಧ ಮನೆ ಈಗಾಗಲೇ ನಿಮ್ಮದೇ ತಾನೆ! ಅವರು ಕೊಡುತ್ತಿರುವುದು ಉಳಿದರ್ಧ ಮಾತ್ರ, ಅದೂ ಸಾಲದ ಸಮೇತ. ಒಂದು ಲೆಕ್ಕ ಹಾಕೋಣ. ಮನೆಗೆ ಇಂದಿನ ಬೆಲೆ 60 ಲಕ್ಷ, ಸಾಲ ಬಾಕಿ 12 ಲಕ್ಷ ಅಂತ ಇಟ್ಟುಕೊಳ್ಳಿ. ಉಳಿಯುವುದು 48 ಲಕ್ಷ. ನಿಮ್ಮ ಪಾಲು ಆಗಲೇ 24 ಲಕ್ಷ. ಅಂದರೆ ಇನ್ನುಳಿದ 24 ಲಕ್ಷಕ್ಕಾಗಿ ನೀವು ಜೀವಮಾನದ ಜೀವನಾಂಶ ಬಿಟ್ಟುಕೊಟ್ಟ ಹಾಗಾಯಿತು. ಸಾಲದ ಕಂತೂ ನಿಮ್ಮ ತಲೆಗೇ! ಆ ಮನೆ ತಿಂಗಳಿಗೆ ಒಂದು ಸೇರು ಅಕ್ಕಿಯನ್ನೂ ತಂದುಕೊಡುವುದಿಲ್ಲ. ಮಕ್ಕಳ ಖರ್ಚಂತೂ ಬೇರೆಯದೇ ವಿಷಯ. ಅದನ್ನು ಮನೆಯ ಜೊತೆ ಗಂಟು ಹಾಕಲು ಬಿಡಲೇಬೇಡಿ.

ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕಿದ ಮನೆ ಅಂದರೆ ಗೋಡೆಗೆ ಬೂಷ್ಟು, ಮರಕ್ಕೆ ಗೆದ್ದಲು, ಸರಿದ ಹೆಂಚು. ಕಾಯುವವನ ಸಂಬಳ, ಕಂದಾಯ, ವಿದ್ಯುತ್ತಿನ ಬಿಲ್ಲು ಇವೆಲ್ಲ ನೀವು ಹೋದರೂ ಬಿಟ್ಟರೂ ತಪ್ಪುವುದಿಲ್ಲ. ಕಳೆದ ಎರಡು ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಕೂಡಿಸಿ ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ನಿಮ್ಮ ಮುಂದೆ ನಾಲ್ಕು ದಾರಿಗಳಿವೆ.

ಒಂದು, ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳುವುದು. ಮಾರಿದ ಲಾಭದ ಮೇಲೆ ತೆರಿಗೆ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಯಾವ ಬೆಲೆಗಿಂತ ಕಮ್ಮಿಗೆ ಮಾರಬಾರದು, ಎಷ್ಟು ತಿಂಗಳೊಳಗೆ ಮಾರಬೇಕು ಅನ್ನೋದನ್ನು ಒಪ್ಪಂದದಲ್ಲೇ ಬರೆಸಿ.

ಎರಡು, ಒಬ್ಬರು ಇಟ್ಟುಕೊಂಡು ಇನ್ನೊಬ್ಬರ ಪಾಲಿನ ಹಣ ಕೊಡುವುದು. ಬೆಲೆಯನ್ನು ಇಬ್ಬರೂ ಒಪ್ಪಿದ ಮೌಲ್ಯಮಾಪಕರಿಂದ ಹಾಕಿಸಿ. ಒಂದು ಎಚ್ಚರ: ಬ್ಯಾಂಕು ನಿಮ್ಮ ಒಪ್ಪಂದಕ್ಕೆ ಕಟ್ಟುಬಿದ್ದಿಲ್ಲ. ಸಾಲದ ಕಾಗದದಲ್ಲಿ ನಿಮ್ಮ ರುಜು ಇರುವವರೆಗೆ, ಯಜಮಾನರು ಕಂತು ಕಟ್ಟದಿದ್ದರೆ ನೋಟೀಸು ನಿಮ್ಮ ಮನೆಗೂ ಬರುತ್ತದೆ. ಬ್ಯಾಂಕಿನಿಂದ ಬಿಡುಗಡೆಯ ಪತ್ರ ಕೇಳಿ ಪಡೆಯಿರಿ.

ಮೂರು, ಇಬ್ಬರ ಹೆಸರಿನಲ್ಲೇ ಇಟ್ಟುಕೊಂಡು ರಜೆಗಳನ್ನು ಹಂಚಿಕೊಳ್ಳುವುದು. ಕೇಳಲು ಚೆಂದ. ಆದರೆ ನಾಳೆ ಅವರು ಮರುಮದುವೆಯಾಗಿ, ವಿಲ್ಲು ಬರೆಯದೆ ತೀರಿಕೊಂಡರೆ ಅವರ ಅರ್ಧಕ್ಕೆ ನಿಮ್ಮ ಮಕ್ಕಳ ಜೊತೆ ಹೊಸ ಹೆಂಡತಿ, ಆಕೆಯಲ್ಲಿ ಹುಟ್ಟಿದ ಮಕ್ಕಳು, ಅವರ ತಾಯಿ ಬದುಕಿದ್ದರೆ ಆಕೆಯೂ ವಾರಸುದಾರರಾಗುತ್ತಾರೆ. ಸೋರುವ ಹೆಂಚಿಗೆ ಯಾರು ದುಡ್ಡು ಹಾಕಬೇಕು ಅನ್ನೋ ಜಗಳ ವರ್ಷವರ್ಷವೂ ಮುಗಿಯುವುದಿಲ್ಲ.

ನಾಲ್ಕು, ಮಕ್ಕಳ ಹೆಸರಿಗೆ ಮಾಡುವುದು. ಮನಸ್ಸಿಗೆ ಹಿತವಾದ ದಾರಿಯೇ. ಆದರೆ ಅಪ್ರಾಪ್ತ ಮಕ್ಕಳ ಹೆಸರಿಗೆ ಹೋದ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತಂದೆ ತಾಯಿ ಮಾರುವಂತಿಲ್ಲ. ನಾಳೆ ಮಗಳ ಕಾಲೇಜಿಗೆ ಹಣ ಬೇಕೆಂದರೆ ಆ ಮನೆ ತಕ್ಷಣ ಕೈಗೆ ಬರುವುದಿಲ್ಲ.

ನನ್ನ ಸಲಹೆ ಮೊದಲನೆಯದಕ್ಕೆ. ನಿಮಗೆ ಸ್ವಂತ ಸಂಪಾದನೆ ಇಲ್ಲವೆಂದು ಬರೆದಿದ್ದೀರಿ. ನಿಮಗೀಗ ಬೇಕಾದದ್ದು ಮಕ್ಕಳ ಶಾಲೆಯ ಹತ್ತಿರ ಒಂದು ಸೂರು, ಕೈಯಲ್ಲಿ ಸ್ವಲ್ಪ ಗಂಟು, ತಿಂಗಳು ತಿಂಗಳು ಬರುವ ಹಣ. ಬಳೆಯ ಹಣವನ್ನು ಮೊದಲು ನಿಮಗೆ ಕೊಟ್ಟು, ಆಮೇಲೆ ಉಳಿದದ್ದನ್ನು ಸಮಪಾಲು ಮಾಡಬೇಕೆಂದು ಕೇಳಿ. ಇದು ದುರಾಸೆಯಲ್ಲ. ಜೀವನಾಂಶ ಬೇರೆಯಾಗಿಯೇ ಇರಲಿ. ಅವರು ಕೊಡುವರೋ ಇಲ್ಲವೋ ಎಂಬ ಅನುಮಾನವಿದ್ದರೆ, ಅವರ ಸ್ಥಿರಾಸ್ತಿಯ ಮೇಲೆ ಅದನ್ನು ಹೊರೆಯಾಗಿ ದಾಖಲಿಸಲು ಅದೇ ಕಾಯಿದೆಯ 25ನೇ ಕಲಮಿನಲ್ಲಿ ಅವಕಾಶವಿದೆ.

ಕಾಗದಪತ್ರದ ವಿಷಯದಲ್ಲಿ ಮೂರು ಮಾತು ಮರೆಯಬೇಡಿ. ಈಗಲೇ ಋಣಭಾರ ಪತ್ರ ತೆಗೆಸಿ ನೋಡಿ, ನಿಮಗೆ ಗೊತ್ತಿಲ್ಲದ ಸಾಲ ಆ ಮನೆಯ ಮೇಲೆ ಕೂತಿದ್ದರೆ ಕಾಣುತ್ತದೆ. ಎರಡನೆಯದು, ಮನೆಯ ವಿವರ, ಚೆಕ್ಕುಬಂದಿ ಸಮೇತ ಒಪ್ಪಂದದಲ್ಲಿ ಬರಲಿ. ಪಾಲು ಬಿಟ್ಟುಕೊಡುವುದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಣಿಯಾಗಬೇಕೇ ಎಂದು ವಕೀಲರನ್ನು ಕೇಳಿ. ದಂಪತಿಗಳಾಗಿರುವಾಗ ಮಾಡುವ ಪತ್ರಕ್ಕೂ ವಿಚ್ಛೇದನದ ನಂತರ ಮಾಡುವುದಕ್ಕೂ ಮುದ್ರಾಂಕ ಶುಲ್ಕ ಬೇರೆಯಾಗಬಹುದು. ಮೂರನೆಯದು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಕಾಯಿದೆ ಆರು ತಿಂಗಳ ಕಾಲಾವಕಾಶ ಇಟ್ಟಿದೆ. ತಕ್ಕ ಸಂದರ್ಭದಲ್ಲಿ ಅದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಈ ಅವಧಿಯಲ್ಲಿ ಯಾರಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದಾದ್ದರಿಂದ, ಹಣ ಕೈಸೇರದೆ ಪಾಲು ಬಿಟ್ಟುಕೊಡುವ ಪತ್ರಕ್ಕೆ ರುಜು ಹಾಕಬೇಡಿ.

ವಕೀಲರಿಗೆ ಹಣವಿಲ್ಲ ಎಂಬ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರಾಯಿತು.

ಕೊನೆಗೊಂದು ಮಾತು. ಕಾಗದದ ಆರನೆಯ ಪುಟದಲ್ಲಿ “ಅವರು ಇನ್ನೊಬ್ಬಳನ್ನು ಆ ಮನೆಗೆ ಕರೆತರುವುದನ್ನು ಸಹಿಸಲಾರೆ” ಅಂತ ಬರೆದಿದ್ದೀರಿ. ಆ ಸಂಕಟ ಸಹಜ, ಅದಕ್ಕೆ ನಾಚಬೇಕಿಲ್ಲ. ಆದರೆ ಆ ಒಂದು ಕಾರಣಕ್ಕೆ ಮನೆ ಉಳಿಸಿಕೊಂಡರೆ ಮಳೆಗಾಲ ಬಂದಾಗಲೆಲ್ಲ ಅದರ ಖರ್ಚು ತೆರುವವರು ನೀವೇ. ಮಾರಿಬಿಟ್ಟರೆ ಅಲ್ಲಿಗೆ ಅವರೂ ಹೋಗುವುದಿಲ್ಲ. ಮಾರುವ ಮುಂಚೆ ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ, ಅವರಿಗೆ ಬೇಕೆನಿಸಿದ್ದನ್ನು ಆರಿಸಿಕೊಳ್ಳಲಿ. ಜಗಲಿಯ ಬೆಂಚೋ, ಅಂಗಳದ ಗುಲಾಬಿಯ ಒಂದು ಕಡ್ಡಿಯೋ, ಏನಾದರೂ ಸರಿ. ಗುಲಾಬಿ ಕಡ್ಡಿ ಎಲ್ಲಿ ನೆಟ್ಟರೂ ಚಿಗುರುತ್ತದೆ. ಧೈರ್ಯವಾಗಿರಿ, ಮುಂದೇನಾಯಿತು ಅಂತ ಕಾಗದ ಬರೆಯಿರಿ.